ಬೀಜಕ್ಕೆ ಬಿಟ್ಟ ಕಾಯಿ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದರ ಅರ್ಥವನ್ನು ನಾನು ವಿವರಿಸಬೇಕಾಗಿಯೂ ಇಲ್ಲ. ಆದರೆ ಆ ಕಳ್ಳ ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಂಡ ಎಂದು ಕೇಳಿಕೊಂಡವರು ಕಡಮೆ. ಕದ್ದ ಕಾಯನ್ನು ಅವನು ಹೆಗಲ ಮೇಲೆ ಹೊತ್ತು ಒಯ್ದಿದ್ದ. ಕಾಯಿಯ ಮೈಮೇಲಿನ ಬೂದಿ ಹೆಗಲಿಗೆ ಅಂಟಿಕೊಂಡಿರಬಹುದೆಂಬ ಭಯ ಅವನಿಗೆ. ಎಂದಮೇಲೆ ಗಾದೆಯ ಕುಂಬಳ ಯಾವುದೆಂಬುದು ತಿಳಿಯಿತು. ಅದು ಬೂದುಗುಂಬಳ. ನಾವು ಹುಳಿಗೂ ಪಲ್ಯಕ್ಕೂ ಹೆಚ್ಚುವ ಹಳದಿ ತಿರುಳಿನ ಸಿಹಿಗುಂಬಳದ ಮೈಮೇಲೆ ತೆಳುವಾದ ಮಾಸಲು ಇದ್ದೀತೇ ಹೊರತು, ಕಳ್ಳನನ್ನು ಹಿಡಿದುಕೊಡುವಷ್ಟು ಬೂದಿ ಇರುವುದಿಲ್ಲ.

ಒಂದು ಗಾದೆಯ ಬೆನ್ನು ಹತ್ತಿದರೆ ಇಷ್ಟು ಚರಿತ್ರೆ ಸಿಕ್ಕುತ್ತದೆ. ಆ ಮಾತು ಹುಟ್ಟಿದ ಊರಿನಲ್ಲಿ ‘ಕುಂಬಳ’ಕ್ಕೆ ವಿಶೇಷಣ ಬೇಕಾಗಿರಲಿಲ್ಲ, ಹೇಳಿದೊಡನೆ ಬೂದಿಯ ಕಾಯೇ ಕಣ್ಣಿಗೆ ಕಟ್ಟುತ್ತಿತ್ತು. ಆಮೇಲೆ ಇನ್ನೊಂದು ಬಂದಿತು. ‘ಸಿಹಿ’ ಎಂಬ ಗುರುತು ಹೊತ್ತು ಬಂದಿತು. ಕಾಲ ಕಳೆದಂತೆ ನೆಂಟನೇ ಮನೆಯವನಾದ. ದೇವಲಾಪುರದ ನಮ್ಮ ಮನೆಯಲ್ಲಿ ಬರಿಯ ಕುಂಬಳಕಾಯಿ ಎಂದರೆ ಸಿಹಿಯದೇ; ಹಳೆಯ ಯಜಮಾನನನ್ನು ಕರೆಯುವಾಗ ‘ಬೂದು’ ಎಂದು ಸೇರಿಸಬೇಕು. ದೇವರ ಕೆಲಸದಲ್ಲಿ ಮಾತ್ರ ಹಳಬನ ಹಕ್ಕು ಹೋಗಿಲ್ಲ. ಆಯುಧಪೂಜೆಯ ದಿನ ಕುಂಕುಮ ತುಂಬಿ ಒಡೆಯುವುದು ಬೂದುಗುಂಬಳವನ್ನೇ.

ನಾನು ಈ ಹೊತ್ತು ಹೇಳಹೊರಟಿರುವುದು ಆ ನೆಂಟನ ವಿಚಾರ, ಮತ್ತು ಅವನ ಹಿಂದೆ ಈಚೆಗೆ ನಮ್ಮ ಹಿತ್ತಲುಗಳಿಗೆ ಬಂದ ಅವನ ದಾಯಾದಿಯ ವಿಚಾರ. ಇಂಗ್ಲಿಷಿನವರು ಈ ದಾಯಾದಿಯನ್ನು ಸಮ್ಮರ್ ಸ್ಕ್ವಾಷ್ ಎನ್ನುತ್ತಾರೆ. ಪೇಟೆಯಲ್ಲಿ ಸ್ಕ್ವಾಷ್ ಎಂದೋ ಜುಕಿನಿ ಎಂದೋ ಮಾರುತ್ತಾರೆ. ಹೆಸರಿನಲ್ಲಿ ಬೇಸಿಗೆ ಇದ್ದರೂ ಅದಕ್ಕೂ ನಮ್ಮ ಚೈತ್ರ ವೈಶಾಖಗಳಿಗೂ ಸಂಬಂಧವಿಲ್ಲ. ಚಳಿಗಾಲಕ್ಕೆ ಕೂಡಿಡಲು ಬಾರದೆ, ಸಿಪ್ಪೆ ಎಳೆಯದಾಗಿರುವಾಗಲೇ, ಬೀಜ ಕಟ್ಟುವ ಮೊದಲೇ ಕೊಯ್ದು ತಿನ್ನುವ ಕುಂಬಳ ಎಂದಷ್ಟೇ ಅದರ ಅರ್ಥ. ಆದ್ದರಿಂದ ನಾನು ಅದನ್ನು ಎಳೆಗುಂಬಳ ಎಂದು ಕರೆಯುತ್ತೇನೆ.

ದೇವಲಾಪುರ ನಾಗಮಂಗಲ ತಾಲ್ಲೂಕಿನ ಒಂದು ಹೋಬಳಿ. ಮಂಡ್ಯ ಜಿಲ್ಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ನಾಲೆಯ ಬದಿಯ ಕಬ್ಬು, ಬತ್ತ. ೧೯೩೦ರ ದಶಕದಲ್ಲಿ ಆ ನೀರು ಕೆಳಗಿನ ತಾಲ್ಲೂಕುಗಳ ಕಡೆಗೆ ಹರಿಯಿತು. ನಾಗಮಂಗಲದ ಮೇಲುನೆಲಕ್ಕೆ ಏರಲಿಲ್ಲ. ಇಲ್ಲಿಯದು ರಾಗಿ, ಹುರುಳಿ, ಅವರೆ, ತೆಂಗು. ಮಳೆ, ಕೆರೆ, ಬಾವಿ. ಇಂಥ ಸೀಮೆಯಲ್ಲಿ ನಾಲ್ಕು ತರಕಾರಿ ಬೇಕೆನ್ನುವವರು ಅದನ್ನು ಮನೆಯ ಹಿಂದೆಯೇ ಬೆಳೆದುಕೊಳ್ಳಬೇಕಾಗಿತ್ತು. ಬಚ್ಚಲಿನಿಂದ ಹೊರಬಿದ್ದ ನೀರು ಒಂದು ಕಾಲುವೆಯಾಗಿ ಬಾಳೆಯ ಬುಡಕ್ಕೆ, ಅಲ್ಲಿಂದ ಕೆಸುವಿಗೆ, ಅಲ್ಲಿಂದ ಕುಂಬಳದ ಗುಳಿಗೆ ಹೋಗುತ್ತಿತ್ತು. ತಿಪ್ಪೆಯ ಅಂಚಿನಲ್ಲಿ ಹಾಕಿದ ಬಳ್ಳಿ ತಿಪ್ಪೆಯನ್ನು ದಾಟಿ, ಬೇಲಿಯನ್ನು ಏರಿ, ದನದ ಕೊಟ್ಟಿಗೆಯ ಸೂರಿನ ಮೇಲೆ ಕಾಯಿ ಬಿಡುತ್ತಿತ್ತು. ಕುಡಿಯನ್ನು ಕಿತ್ತರೆ ಸೊಪ್ಪಿನ ಸಾರು. ಹೀಚನ್ನು ಕಿತ್ತರೆ ಪಲ್ಯ. ಬಲಿಯಲು ಬಿಟ್ಟರೆ ಅಟ್ಟದ ಮೇಲೆ ಐದಾರು ತಿಂಗಳು ಕುಳಿತು ಬೇಸಿಗೆಗೆ ಒದಗುವ ಆಸ್ತಿ.

ಈ ಹಿತ್ತಲಿಗೆ ಚರಿತ್ರೆಯ ಪುಸ್ತಕದಲ್ಲಿ ಎಷ್ಟು ಜಾಗವಿದೆ? ವಿಜಯನಗರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಗದ್ದೆ ಬೆದ್ದಲು ತೋಟ ತುಡಿಕೆ’ ಎಂಬ ಮಾತಿನ ಸರಣಿ ಪರಿಚಿತವಾದದ್ದು. ತುಡಿಕೆ ಎಂದರೆ ಚಿಕ್ಕ ತೋಟ. ಊರನ್ನು ದಾನ ಕೊಡುವ ದೊರೆ ಅದನ್ನೂ ಮರೆಯದೆ ಹೆಸರಿಸುತ್ತಾನೆ. ಒಳಗೆ ಏನು ಬೆಳೆದಿತ್ತು ಎಂಬುದು ಅವನಿಗೆ ಬೇಕಿಲ್ಲ. ಗ್ರಂಥಗಳು ಕೊಂಚ ಉದಾರ. ೧೧ನೆಯ ಶತಮಾನದ ಮೊದಲ ಭಾಗದಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯೂ ಇದೆ, ಅಡಿಗೆಯ ಶಾಸ್ತ್ರವೂ ಇದೆ. ೧೬ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದಾಗ ಬದನೆಕಾಯಿಗೆ ಒಂದು ಅಧ್ಯಾಯವನ್ನೇ ಕೊಟ್ಟ. ಆ ಅಡಿಗೆಮನೆಯಲ್ಲಿ ಖಾರವೆಂದರೆ ಕರಿಮೆಣಸು. ಇಂದು ನಾವು ನಾಡಿನದೇ ಎಂದು ತಿಳಿದಿರುವ ಹಸಿಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ ಯಾವುದೂ ಆ ಒಲೆಯನ್ನು ಕಂಡಿರಲಿಲ್ಲ.

ಮೂರು ಶತಮಾನ ದಾಟಿ ಬಂದರೆ ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಕಂಪೆನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಈತ ಬೆಳ್ಳೂರು, ನಾಗಮಂಗಲ, ಮೇಲುಕೋಟೆಗಳ ದಾರಿಯಲ್ಲೇ ಪಟ್ಟಣಕ್ಕೆ ಮರಳಿದ. ಆಗ ನಾಗಮಂಗಲ ೧೭೯೨ರ ಯುದ್ಧದಲ್ಲಿ ಮರಾಠಾ ಸೈನ್ಯದ ಕೈಗೆ ಸಿಕ್ಕಿ ಹಾಳಾದ ಊರು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ನಾಡಿನ ತೋಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ: ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ಒಳ್ಳೆಯ ವಿಂಗಡಣೆಯೇ. ಆದರೆ ಬಚ್ಚಲ ನೀರು ಕುಡಿದು ಕೊಟ್ಟಿಗೆಯ ಸೂರನ್ನು ಏರುವ ಬಳ್ಳಿ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ. ತೋಟವನ್ನು ಗಂಡಸರು ಮಾಡುತ್ತಿದ್ದರು, ಅದಕ್ಕೆ ಕಂದಾಯವಿತ್ತು, ಅದು ಲೆಕ್ಕಕ್ಕೆ ಬಂತು. ಹಿತ್ತಲು ಹೆಂಗಸರದು.

ಇನ್ನು ನೆಂಟ ಹೊರಟ ಊರನ್ನು ನೋಡೋಣ. ಮೆಕ್ಸಿಕೋ ದೇಶದ ಓಆಹಾಕಾ ಎಂಬ ಪ್ರಾಂತದಲ್ಲಿ ಗಿಲಾ ನಾಕಿಟ್ಸ್ ಎಂಬ ಒಂದು ಗುಹೆ ಇದೆ. ಅಲ್ಲಿ ದೊರೆತ ಕುಂಬಳದ ಬೀಜಗಳು ಸುಮಾರು ೧೦,೦೦೦ ವರ್ಷ ಹಳೆಯವು ಎಂದು ಬ್ರೂಸ್ ಸ್ಮಿತ್ ಎಂಬ ವಿದ್ವಾಂಸರು ೧೯೯೭ರಲ್ಲಿ ಪ್ರಕಟಿಸಿದರು. ಕಾಡುಕುಂಬಳದ ತಿರುಳು ಬಾಯಿಗಿಡಲಾರದಷ್ಟು ಕಹಿ. ಮನುಷ್ಯನು ಅದನ್ನು ಮೊದಲು ಸಾಕಿದ್ದು ಬೀಜಕ್ಕಾಗಿ. ಕಹಿ ಕಡಮೆಯಾದ ಕಾಯಿಯ ಬೀಜವನ್ನೇ ಮತ್ತೆ ಮತ್ತೆ ಬಿತ್ತಿ ಅದಕ್ಕೆ ಸಿಹಿ ಕಲಿಸಿದ. ನಮ್ಮ ಹಿತ್ತಲಿನ ಸಿಹಿಗುಂಬಳವೂ ಪೇಟೆಯ ಎಳೆಗುಂಬಳವೂ ಈ ಅಮೆರಿಕದ ಕುಲದವೇ, ಜಾತಿ ಮಾತ್ರ ಬೇರೆ ಬೇರೆ. ಬೂದುಗುಂಬಳವಾದರೋ ಏಷ್ಯದ್ದು, ಸೌತೆ, ಹೀರೆ, ಪಡವಲಗಳು ನಮ್ಮವು. ಸೋರೆಯ ಕಥೆ ಎಲ್ಲಕ್ಕಿಂತ ವಿಚಿತ್ರ. ಆಫ್ರಿಕದಲ್ಲಿ ಹುಟ್ಟಿದ ಅದರ ಒಣ ಬುರುಡೆ ಸಮುದ್ರದ ಮೇಲೆ ತೇಲಿಕೊಂಡೇ ಅಮೆರಿಕವನ್ನು ಸೇರಿತೆಂದು ಈಚಿನ ಸಂಶೋಧನೆ ಹೇಳುತ್ತದೆ. ಕೊಲಂಬಸ್ಸಿಗೆ ಹಡಗು ಬೇಕಾಯಿತು.

೧೪೯೨ರ ನಂತರ ಕುಂಬಳ ಹಡಗು ಹತ್ತಿತು. ೧೫೪೨ರಲ್ಲಿ ಜರ್ಮನಿಯ ಫುಕ್ಸ್ ಎಂಬ ವೈದ್ಯ ತನ್ನ ಸಸ್ಯಗ್ರಂಥದಲ್ಲಿ ಅದರ ಚಿತ್ರ ಬರೆಸಿ, ತುರ್ಕಿಯ ಸೌತೆ ಎಂದು ಹೆಸರಿಟ್ಟ. ಯೂರೋಪಿನವರೇ ತಂದ ಕಾಯಿ, ಐವತ್ತು ವರ್ಷದಲ್ಲಿ ಅವರಿಗೇ ತುರ್ಕಿಯದಾಗಿ ಕಂಡಿತು! ನಮ್ಮಲ್ಲಿಯೂ ಹೆಸರುಗಳು ಹೀಗೆಯೇ ಆಟವಾಡಿವೆ. ತಮಿಳರು ಸಿಹಿಗುಂಬಳವನ್ನು ‘ಪರಂಗಿಕ್ಕಾಯ್’ ಎನ್ನುತ್ತಾರೆ. ಪರಂಗಿ ಎಂದರೆ ಫಿರಂಗಿಯವನು, ಪೋರ್ತುಗೀಸ. ಅದೇ ಪರಂಗಿ ಹಳೆಯ ಮೈಸೂರಿನ ಕನ್ನಡದಲ್ಲಿ ಇನ್ನೊಂದು ಅಮೆರಿಕದ ಹಣ್ಣಿಗೆ ಅಂಟಿಕೊಂಡು ‘ಪರಂಗಿ ಹಣ್ಣು’ ಆಯಿತು. ಗಡಿಯ ಆಚೆ ಒಂದು, ಈಚೆ ಇನ್ನೊಂದು. ಹೊತ್ತು ತಂದವನ ನೆನಪು ಎರಡರಲ್ಲೂ ಉಳಿಯಿತು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ, ಕ್ಯಾಮರನ್ ಅವರು ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಕಾಲದಲ್ಲಿ, ಬೆಂಗಳೂರಿಗೆ ಬಂದ ಮತ್ತೊಂದು ಅಮೆರಿಕದ ಬಳ್ಳಿ ನಮಗೆ ‘ಸೀಮೆಬದನೆ’ಯಾಯಿತು, ತಮಿಳರಿಗೆ ಅದು ‘ಬೆಂಗಳೂರು ಬದನೆ’. ಕೊಟ್ಟವರ ಊರನ್ನೇ ಅವರು ಹುಟ್ಟೂರು ಮಾಡಿದರು. ಸೀಮೆ ಎಂಬ ಮಾತೂ ಸೋಜಿಗದ್ದು. ‘ನಮ್ಮ ಸೀಮೆ’ ಎಂದಾಗ ಒಳಗಿನದು, ‘ಸೀಮೆಸುಣ್ಣ’ ಎಂದಾಗ ಹೊರಗಿನದು.

ಅರಮನೆಯವರೂ ಬೀಜ ತರಿಸಿದ್ದುಂಟು. ೧೭೮೮ರಲ್ಲಿ ಪ್ಯಾರಿಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯಲ್ಲಿ ಕೇಳಿದ ವಸ್ತುಗಳ ನಡುವೆ ಗಿಡಗಳೂ ಬೀಜಗಳೂ ಇದ್ದುವು. ಅವಕ್ಕೆ ದಾಖಲೆಯಿದೆ, ದಿನಾಂಕವಿದೆ. ಆದರೆ ಅರಮನೆಯ ತೋಟದಿಂದ ದೇವಲಾಪುರದ ತಿಪ್ಪೆಗೆ ಯಾವ ರಾಯಭಾರಿಯೂ ಬರಲಿಲ್ಲ. ಹಿತ್ತಲ ಬೀಜ ನಡೆದ ದಾರಿಯೇ ಬೇರೆ, ಅದು ಮದುವೆಯ ದಾರಿ ಎಂದು ನಾನು ನಂಬಿದ್ದೇನೆ. ನಮ್ಮ ಅಜ್ಜಿಯ ಕುಂಬಳದ ಬೀಜ ಅವರ ತವರಾದ ಬಿಂಡಿಗನವಿಲೆ ಕಡೆಯಿಂದ ಬಂದದ್ದು. ಅವರ ತಾಯಿಗೆ ಅದು ಇನ್ನೊಂದು ಊರಿನಿಂದ ಬಂದಿತ್ತು. ಮನೆ, ಹೊಲ, ಹೆಸರು ಗಂಡಸರ ಸಾಲಿನಲ್ಲಿ ಇಳಿದರೆ ಬೀಜ ಸೆರಗಿನ ಗಂಟಿನಲ್ಲಿ ತಾಯಿಂದ ಮಗಳಿಗೆ ಹೋಗುತ್ತಿತ್ತು. ಒಂದು ತಲೆಮಾರಿಗೆ ಎಂಟು ಹತ್ತು ಹರಿದಾರಿ ಎಂದು ಇಟ್ಟುಕೊಳ್ಳಿ. ಕರಾವಳಿಯಿಂದ ನಾಗಮಂಗಲಕ್ಕೆ ಬರಲು ಎಷ್ಟು ಮದುವೆ ಬೇಕು?

ಈಗ ದಾಯಾದಿಯ ವಿಚಾರ. ಗಿಡ್ಡನೆಯ, ಉದ್ದಕಾಯಿಯ ಜುಕಿನಿಯನ್ನು ಇಟಲಿಯ ಮಿಲಾನ್ ಪ್ರದೇಶದ ತೋಟಗಾರರು ರೂಪಿಸಿದರು. ಇಟಲಿಯಿಂದ ವಲಸೆ ಹೋದವರೊಡನೆ ಅದು ೨೦ನೆಯ ಶತಮಾನದ ಮೊದಲ ಭಾಗದಲ್ಲಿ ಅಜ್ಜನ ನಾಡಾದ ಅಮೆರಿಕಕ್ಕೆ ಮರಳಿತು. ೧೯೮೦ರ ಸುಮಾರಿನಲ್ಲಿ ನಮ್ಮ ಭಾವನವರು ಬೆಂಗಳೂರಿನಿಂದ ಸ್ಕ್ವಾಷ್ ಬೀಜದ ಒಂದು ಪೊಟ್ಟಣ ತಂದುಕೊಟ್ಟರು. ಮುಂಗಾರು ತೀರಿದ ಮೇಲೆ, ಹಿತ್ತಲಿನ ಬಿಸಿಲು ಬೀಳುವ ಕಡೆ ಮೂರು ಮೂರು ಅಡಿಗೆ ಒಂದರಂತೆ ಗುಳಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಗುಳಿಗೆ ಮೂರು ಬೀಜ ಊರಿದೆ. ವಾರದೊಳಗೆ ಮೊಳೆತವು. ಪುಷ್ಟವಾದ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತೆ. ಹದಿನೈದು ದಿನ ಕಳೆದರೂ ಬಳ್ಳಿ ಚಾಚಲಿಲ್ಲ. ಒಂದೇ ಕಡೆ ಕುಳಿತು ಛತ್ರಿಯಂಥ ಎಲೆಗಳನ್ನು ಬಿಡಿಸಿತು. ಅಜ್ಜಿ ದಿನವೂ ಬಂದು ನೋಡುತ್ತಿದ್ದರು.

“ಇದ್ಯಾವ ಕುಂಬ್ಳವೋ ಮಗ, ಇದ್ದಲ್ಲಿಂದ ಕದಲಾಕಿಲ್ವಲ್ಲ” ಎಂದರು.

ಹೂ ಬಂತು, ಉದುರಿತು. ಮೊದಲು ಬರುವವು ಗಂಡು ಹೂಗಳು. ಹೆಣ್ಣು ಹೂವಿನ ಬುಡದಲ್ಲಿ ಬೆರಳಿನಷ್ಟು ಹೀಚು ಮೊದಲೇ ಇರುತ್ತದೆ. ಹೂ ಅರಳುವುದು ಮುಂಜಾನೆ. ಹೊತ್ತೇರುವ ಮುನ್ನವೇ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಜೇನು ಬಂದು ಗಂಡಿನ ಪರಾಗವನ್ನು ಹೆಣ್ಣಿಗೆ ಮುಟ್ಟಿಸದಿದ್ದರೆ ಹೀಚು ಹಳದಿಯಾಗಿ ಕೊಳೆಯುತ್ತದೆ. ಕುಂಬಳದ ಹೀಚನ್ನು ಬೆರಳು ಚಾಚಿ ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ, ಬೆರಳನ್ನು ಮಡಿಚಿ ತೋರಿಸಬೇಕು ಎಂದು ನಮ್ಮವರು ಹೇಳುವುದನ್ನು ತಾವು ಕೇಳಿರಬಹುದು. ಜೇನು ಬಾರದ ದಿನ ತಪ್ಪು ಬೆರಳಿನ ಮೇಲೆ ಬೀಳುತ್ತಿತ್ತು ಎಂದು ಕಾಣುತ್ತದೆ. ಅಮೆರಿಕದಲ್ಲಿ ಕುಂಬಳದ ಹೂವನ್ನೇ ನೆಚ್ಚಿದ ಬೇರೆಯದೇ ಒಂದು ದುಂಬಿಯ ಕುಲವಿದೆ. ಹಡಗು ಹತ್ತಿದ ಬಳ್ಳಿ ಅದನ್ನು ಹಿಂದೆ ಬಿಟ್ಟು ಬಂತು. ಇಲ್ಲಿ ನಮ್ಮ ತುಡುವೆ, ಹೆಜ್ಜೇನುಗಳು ಆ ಕೆಲಸವನ್ನು ವಹಿಸಿಕೊಂಡವು. ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಡಿದು ದಕ್ಷಿಣದ ತುಡುವೆ ಗೂಡುಗಳು ಬರಿದಾದಾಗ ಅದರ ಬೆಲೆ ತಿಳಿಯಿತು. ಜೇನು ಕಾಣದಿದ್ದರೆ ಬೆಳಿಗ್ಗೆ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲನೆ ಒತ್ತಿದರೂ ಆಗುತ್ತದೆ. ಎಲೆ ತಿನ್ನುವ ಕೆಂಪು ದುಂಬಿಗೆ ಅಜ್ಜಿ ಮಂಜಿನ ಹೊತ್ತಿನಲ್ಲಿ ಒಲೆಯ ಬೂದಿ ಎರಚುತ್ತಿದ್ದರು. ಎಲೆಯ ಮೇಲೆ ಬಿಳಿ ಪುಡಿಯಂತೆ ಹರಡುವ ಬೂದಿರೋಗಕ್ಕೆ ಮಾತ್ರ ಅವರಲ್ಲಿಯೂ ಮದ್ದಿರಲಿಲ್ಲ.

ಐವತ್ತು ದಿನಕ್ಕೆ ಮೊದಲ ಕಾಯಿ. ಗೇಣುದ್ದವಿರುವಾಗಲೇ ಕೊಯ್ಯಬೇಕು, ಎರಡು ದಿನ ಮರೆತರೆ ಮೊಳದುದ್ದವಾಗಿ ನಾರು ಕಟ್ಟುತ್ತದೆ. ಕೊಯ್ದಷ್ಟೂ ಬಿಡುತ್ತದೆ. ಅಜ್ಜಿ ಅದರ ಪಲ್ಯದ ರುಚಿ ನೋಡಿ, ಹೀರೆಕಾಯಿಗೂ ಸೌತೆಕಾಯಿಗೂ ನಡುವಿನದು ಎಂದು ತೀರ್ಪು ಕೊಟ್ಟರು. ನನಗೂ ಅದಕ್ಕಿಂತ ಹೆಚ್ಚು ಹೇಳಲು ತೋಚುವುದಿಲ್ಲ. ನಮ್ಮ ಎ‌ಳೆಯ ಸಿಹಿಗುಂಬಳದ ಪಲ್ಯ ಇದಕ್ಕಿಂತ ಒಂದು ಕೈ ಮೇಲು. ಮೂರನೆಯ ಕೊಯ್ಲಿನ ದಿನ ಅವರು ಬಿದಿರು ಬುಟ್ಟಿಯನ್ನು ನೋಡಿ ಕೇಳಿದರು:

“ಬೀಜಕ್ಕೆ ಯಾವ್ದ ಬುಟ್ಟಿದ್ದೀಯೆ?”

ಬೀಜ ಬೆಂಗಳೂರಿನಲ್ಲಿ ಪೊಟ್ಟಣಕ್ಕೆ ಸಿಗುತ್ತದೆ ಅಜ್ಜಿ ಎಂದೆ.

“ಅವ್ರು ಕೊಡ್ನಿಲ್ಲ ಅಂದ್ರೆ?”

ಎಳೆಯದರಲ್ಲೇ ತಿನ್ನುವ ಕಾಯಿಯ ತೊಡಕೆಲ್ಲ ಈ ಪ್ರಶ್ನೆಯಲ್ಲಿದೆ. ಅಟ್ಟದ ಮೇಲಿನ ಬಲಿತ ಕುಂಬಳವನ್ನು ಒಡೆದರೆ ಅಡಿಗೆಗೆ ತಿರುಳು, ಬಿತ್ತನೆಗೆ ಬೀಜ, ಎರಡೂ ಸಿಕ್ಕುತ್ತವೆ, ಉಣ್ಣುವವನಿಗೆ ನಷ್ಟವಿಲ್ಲ. ಎಳೆಗುಂಬಳದಲ್ಲಿ ತಿಂದ ಕಾಯಿಗೆ ಬೀಜವಿಲ್ಲ, ಬೀಜದ ಕಾಯನ್ನು ತಿನ್ನುವಂತಿಲ್ಲ. ಅಷ್ಟೇ ಅಲ್ಲ, ಒಂದು ಕಾಯಿ ಬಲಿಯತೊಡಗಿದರೆ ಗಿಡ ತನ್ನ ಕೆಲಸ ಮುಗಿಯಿತೆಂಬಂತೆ ಹೊಸ ಹೂ ಬಿಡುವುದನ್ನು ತಗ್ಗಿಸುತ್ತದೆ. ಬುಟ್ಟಿಯನ್ನು ನೋಡುವವನು ಬೀಜಕ್ಕೆ ಬಿಡಲಾರ. ಹೀಗಾಗಿ ಈ ಕಾಯಿ ಹುಟ್ಟಿನಿಂದಲೇ ಅಂಗಡಿಯ ಬೀಜದ ಕಡೆಗೆ ಒಲಿದದ್ದು.

ಅಜ್ಜಿ ಬಿಡಲಿಲ್ಲ. ಕೊನೆಯ ಸುಗ್ಗಿಯಲ್ಲಿ ಒಂದು ಕಾಯಿಯ ತೊಟ್ಟಿಗೆ ಹಳೆಯ ಸೀರೆಯ ಚೂರು ಕಟ್ಟಿ, ಇದನ್ನು ಯಾರೂ ಮುಟ್ಟಬಾರದೆಂದರು. ಉಗುರು ಇಳಿಯದಷ್ಟು ಗಟ್ಟಿಯಾದ ಮೇಲೆ ಕೊಯ್ದು, ಮೂರು ವಾರ ನೆರಳಿನಲ್ಲಿಟ್ಟು, ಬೀಜ ತೆಗೆದು ತೊಳೆದು ಆರಿಸಿ, ಬೂದಿಯಲ್ಲಿ ಹೊರಳಿಸಿ ಸೋರೆಬುರುಡೆಗೆ ಹಾಕಿದರು. ಮರುವರ್ಷ ಅದರಿಂದ ಐದು ಗಿಡಗಳಾದವು. ಒಂದರ ಕಾಯಿ ಕಡುಹಸಿರು, ಒಂದರದು ತಿಳಿಹಸಿರು, ಇನ್ನೊಂದು ಗುಂಡಗೆ. ಪೊಟ್ಟಣದ್ದು ಹೈಬ್ರಿಡ್, ಎರಡು ತಳಿಗಳನ್ನು ಕೂಡಿಸಿ ಪಡೆದ ಬೀಜ ಒಂದು ಪೈರಿಗೆ ಮಾತ್ರ ಒಂದೇ ಸಮನಾಗಿರುತ್ತದೆ, ಮುಂದಿನದರಲ್ಲಿ ಅಜ್ಜ ಮುತ್ತಜ್ಜರೆಲ್ಲ ತಲೆಯೆತ್ತುತ್ತಾರೆ. ಅಜ್ಜಿಗೆ ಇದರಿಂದ ಬೇಸರವಾಗಲಿಲ್ಲ. ಒಂದೇ ತಾಯ ಮಕ್ಕಳು ಒಂದೇ ಥರ ಇರುತ್ತಾರೆಯೆ ಎಂದರು. ಆದರೆ ತಮ್ಮ ಸಿಹಿಗುಂಬಳದ ಬೀಜ ಇದರಿಂದ ಕೆಟ್ಟೀತೆಂಬ ಅಂಜಿಕೆ ಅವರಿಗಿತ್ತು. ಆ ಅಂಜಿಕೆಗೆ ಕಾರಣವಿರಲಿಲ್ಲ. ಜಾತಿ ಬೇರೆಯಾದ್ದರಿಂದ ಇವೆರಡೂ ಸುಲಭವಾಗಿ ಕೂಡುವುದಿಲ್ಲ. ಕೂಡುವುದು ಪಕ್ಕದ ಹಿತ್ತಲಿನ ಸಿಹಿಗುಂಬಳದ ಜೊತೆ. ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಉಳಿಸಿದ ಬೀಜದ ಎಳೆಗುಂಬಳ ಎಂದಾದರೂ ಕಹಿಯಾಗಿದ್ದರೆ ಅದನ್ನು ತಿನ್ನಕೂಡದು. ಗುಹೆಯ ಕಾಲದ ಕಹಿ ಮರಳಿ ಬಂದದ್ದು ಅದು, ವಿಷ.

ಬೀಜ ಕೇಳಿ ಬಂದವರಿಗೆ ಅಜ್ಜಿ ಇಲ್ಲವೆಂದದ್ದನ್ನು ನಾನು ಕಾಣೆ. ಅದು ಔದಾರ್ಯವೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಒಂದು ವರ್ಷ ಬೂದಿರೋಗಕ್ಕೆ ಸಿಕ್ಕಿ ನಮ್ಮ ಬಳ್ಳಿ ಕಾಯಿ ಬಲಿಯುವ ಮುನ್ನವೇ ಒಣಗಿತು. ಬುರುಡೆಯಲ್ಲಿದ್ದ ಹಳೆಯ ಬೀಜ ಹುಳು ಹಿಡಿದಿತ್ತು. ಅಜ್ಜಿ ಚಿಂತಿಸಲಿಲ್ಲ. ಮೂರನೆಯ ಬೀದಿಯ ಮನೆಗೆ ಹೋಗಿ, ತಾವೇ ಹಿಂದೆ ಕೊಟ್ಟಿದ್ದ ತಳಿಯ ಹತ್ತು ಬೀಜ ಇಸಿದುಕೊಂಡು ಬಂದರು. ೧೮೭೬ರಿಂದ ೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ೧೮೭೧ರ ಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ ೧೮೮೧ಕ್ಕೆ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದರು. ಹಸಿದ ಮನೆಯಲ್ಲಿ ಬೀಜಕ್ಕೆ ಬಿಟ್ಟ ಕಾಯಿ ಉಳಿಯುವುದಿಲ್ಲ. ಬರ ಕಳೆದ ಮೇಲೆ ಮತ್ತೆ ಬಳ್ಳಿ ಹಬ್ಬಿತು ಎಂದರೆ, ಯಾವುದೋ ಊರಿನ ಯಾವುದೋ ಅಟ್ಟದಲ್ಲಿ ಯಾರದೋ ಮಗಳೊಬ್ಬಳು ಒಂದು ಹಿಡಿ ಬೀಜ ಉಳಿಸಿಕೊಂಡಿದ್ದಳು ಎಂದೇ ಅರ್ಥ.

ಇಂದು ನಮ್ಮ ಕಡೆಯ ಹೊಸ ಮನೆಗಳಲ್ಲಿ ಬಚ್ಚಲ ನೀರು ಚರಂಡಿಗೆ ಹೋಗುತ್ತದೆ. ತಿಪ್ಪೆ ಊರಾಚೆ ಸರಿದಿದೆ. ಅಟ್ಟ ಎಂಬುದೇ ಇಲ್ಲ. ಇದನ್ನು ಹಳಹಳಿಸುತ್ತ ಕೂರುವವನು ನಾನಲ್ಲ. ಆ ಅಟ್ಟ ಹತ್ತಿ ಇಳಿದ ಹೆಂಗಸರ ಮಂಡಿ ನೋವು ನನಗೆ ಗೊತ್ತು. ಪೊಟ್ಟಣದ ಬೀಜವೆಲ್ಲ ಕೆಟ್ಟದ್ದೂ ಅಲ್ಲ. ೧೯೬೭ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆ ಬಿಡುಗಡೆ ಮಾಡಿದ ಅರ್ಕ ಚಂದನ, ಅರ್ಕ ಸೂರ್ಯಮುಖಿ ಕುಂಬಳಗಳು ಹೈಬ್ರಿಡ್ ಅಲ್ಲ. ಬೇರೆ ಕುಂಬಳದ ಪರಾಗ ಸೋಕದಂತೆ ನೋಡಿಕೊಂಡರೆ ಅವುಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಎಳೆಗುಂಬಳದಲ್ಲಿಯೂ ಹಾಗೆ ಉಳಿಸಬಹುದಾದ ಹಳೆಯ ತಳಿಗಳಿವೆ. ಬೇಕೆನ್ನುವವರು ಸಂಜೆಯೇ ಮರುದಿನ ಅರಳಲಿರುವ ಒಂದು ಹೆಣ್ಣು ಹೂವಿಗೂ ಒಂದು ಗಂಡು ಹೂವಿಗೂ ದಾರ ಸುತ್ತಿ ಬಾಯಿ ಕಟ್ಟಿ, ಬೆಳಿಗ್ಗೆ ಬಿಚ್ಚಿ ಕೂಡಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಲಿ. ಮೊದಲ ಕಾಯಿಗಳನ್ನು ಊಟಕ್ಕೆ ಕೊಯ್ದು, ಗಿಡ ಸೋಲುವ ಮುನ್ನ ಇದನ್ನು ಮಾಡಿದರೆ ಬುಟ್ಟಿಗೂ ಬೀಜಕ್ಕೂ ಒಪ್ಪಂದವಾದೀತು. ಚೆನ್ನಾಗಿ ಒಣಗಿದ ಬೀಜ ತಂಪಾದ ಜಾಗದಲ್ಲಿ ನಾಲ್ಕೈದು ವರ್ಷ ಬಾಳುತ್ತದೆ.

ಅಜ್ಜಿಯ ಸಿಹಿಗುಂಬಳದ ಬೀಜ ಈಗ ದೇವಲಾಪುರದ ಮನೆಯಲ್ಲಿಲ್ಲ. ಅದು ನನ್ನ ತಂಗಿಯ ಮಗಳೊಡನೆ ಕೃಷ್ಣರಾಜಪೇಟೆಯ ಕಡೆಗೆ ಹೋಗಿದೆ. ಕಳೆದ ಸಲ ಹೋಗಿದ್ದಾಗ ಅವಳ ಅತ್ತೆ ಅದರ ಕಡುಬು ಮಾಡಿ ಬಡಿಸಿ, ಇದು ನಮ್ಮೂರಿನ ತಳಿ ಎಂದರು. ನಾನು ತಿದ್ದಲು ಹೋಗಲಿಲ್ಲ. ಈ ಮುಂಗಾರಿಗೆ ಹತ್ತು ಬೀಜ ಕೊಡಿ ಎಂದು ಕೇಳಿದ್ದೇನೆ.